ಕಾಯಂ ಮನೆ: ಕುಡಿತ ಬಿಟ್ಟವರಿಗೆ ಮಾತ್ರವೇ?

ಪ್ರಶ್ನೆ (ಕಾರವಾರ): ಬೈತಖೋಲ ಬಂದರಿನ ಆಸುಪಾಸಿನಲ್ಲಿ ವರ್ಷಗಳಿಂದ ಬಯಲಲ್ಲೇ ಮಲಗುತ್ತಿರುವ ನಾಲ್ವರಿಗೆ, ಮಳೆಗಾಲಕ್ಕೆ ಮೊದಲು ಬಾಡಿಗೆ ಮನೆ ಹಿಡಿದು ಕಾಯಂ ನೆಲೆ ಕಲ್ಪಿಸಲು ಯೋಚಿಸಿದ್ದೇವೆ. ಕುಡಿತ ಬಿಟ್ಟ ಮೇಲೆಯೇ ಕೀಲಿ ಕೊಡಬೇಕೇ?

ಉತ್ತರ (ಶಿರಸಿ): ಬೇಡ. 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಮೊದಲು ಮನೆ’ ಪದ್ಧತಿಯಲ್ಲಿ ಮನೆಗೆ ಅಂಥ ಷರತ್ತಿಲ್ಲ. ಚಿಕಿತ್ಸೆ ಅವರವರ ಆಯ್ಕೆ, ಆದರೆ ಕಾರ್ಯಕರ್ತರ ಭೇಟಿ ಮಾತ್ರ ನಿಯಮಿತವಾಗಿರುತ್ತದೆ. ಬೀದಿಯಲ್ಲಿ ಮಲಗುವವನು ಔಷಧಿಯನ್ನಾದರೂ ಎಲ್ಲಿ ಇಟ್ಟುಕೊಂಡಾನು?

ಉತ್ತರ (ಕುಮಟಾ): ಚೆನ್ನೈನ ಬ್ಯಾನಿಯನ್ ಸಂಸ್ಥೆಯ ‘ಹೋಮ್ ಅಗೇನ್’ ಯೋಜನೆಯಲ್ಲಿ, ಮಾನಸಿಕ ಕಾಯಿಲೆಯಿದ್ದ ನಾಲ್ಕೈದು ಮಂದಿ ಸಾಮಾನ್ಯ ಕೇರಿಯ ಬಾಡಿಗೆ ಮನೆಯಲ್ಲಿ ಕುಟುಂಬದಂತೆ ಬಾಳುತ್ತಾರೆ. ಅಡುಗೆ, ಸಂತೆ ಅವರದ್ದೇ.

ಪ್ರಶ್ನೆ ಕೇಳಿದವರು: ವಂದನೆಗಳು. ಹಾಗಾದರೆ ಮನೆ ಮಾಲೀಕರನ್ನು ಒಪ್ಪಿಸುವುದೇ ನಮಗೆ ದೊಡ್ಡ ಕೆಲಸ.