ಜುಪಿಟರ್ ನೋಟ್‌ಬುಕ್ಕನ್ನೇ ಸ್ಲೈಡ್ ಮಾಡುವುದು ಹೇಗೆ?

ಪ್ರಶ್ನೆ: ಮೇಡಂ, ನನ್ನ ಪ್ರಾಜೆಕ್ಟ್ ಪೂರ್ತಿ ಜುಪಿಟರ್ ನೋಟ್‌ಬುಕ್‌ನಲ್ಲಿದೆ, ಅಂದರೆ ಕೋಡ್, ಗ್ರಾಫ್, ವಿವರಣೆ ಎಲ್ಲ ಒಂದೇ ಫೈಲಿನಲ್ಲಿ. ಮುಂದಿನ ವಾರ ಟೀಮ್ ಮುಂದೆ ತೋರಿಸಬೇಕು. ಈಗ ಒಂದೊಂದೇ ಗ್ರಾಫಿನ ಸ್ಕ್ರೀನ್‌ಶಾಟ್ ತೆಗೆದು ಪವರ್‌ಪಾಯಿಂಟ್‌ಗೆ ಅಂಟಿಸುತ್ತಾ ಕೂತಿದ್ದೇನೆ. ಡೇಟಾ ಬದಲಾದರೆ ಮತ್ತೆ ಮೊದಲಿಂದ ಶುರು. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಜುಪಿಟರ್ ಜೊತೆಗೇ ಬರುವ ಎನ್‌ಬಿಕನ್ವರ್ಟ್ ಸಾಕು, ನೋಟ್‌ಬುಕ್ಕನ್ನು ಬೇರೆ ರೂಪಕ್ಕೆ ಬದಲಿಸುವ ಸಾಧನ ಅದು. ಟರ್ಮಿನಲ್‌ನಲ್ಲಿ ಅದಕ್ಕೆ ಫೈಲ್ ಹೆಸರು ಕೊಟ್ಟು, 'ಟು' ಆಯ್ಕೆಯಲ್ಲಿ 'ಸ್ಲೈಡ್ಸ್' ಅಂತ ಹೇಳಿದರೆ ಒಂದು ಎಚ್‌ಟಿಎಂಎಲ್ ಫೈಲ್ ಸಿಗುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದರೆ ಸ್ಲೈಡ್. ಒಳಗೆ ಕೆಲಸ ಮಾಡುವುದು ರಿವೀಲ್ ಜೆಎಸ್, ಬ್ರೌಸರ್‌ನಲ್ಲಿ ಸ್ಲೈಡ್ ತೋರಿಸುವ ಲೈಬ್ರರಿ.

ಆದರೆ ಕಮಾಂಡ್ ಓಡಿಸುವ ಮೊದಲು ನೋಟ್‌ಬುಕ್ಕಿನ ಇನ್ನೊಂದು ಕಾಪಿ ಮಾಡಿಕೊಳ್ಳಿ. ನೋಟ್‌ಬುಕ್ ಇರುವುದು ನೀವು ಕೆಲಸ ಮಾಡಿದ ಕ್ರಮದಲ್ಲಿ: ಫೈಲ್ ಓದಿದ್ದು, ಖಾಲಿ ಸಾಲು ತೆಗೆದಿದ್ದು, ಮೂರು ಮಾಡೆಲ್ ಹಾಕಿ ನೋಡಿದ್ದು. ಕೇಳುವವರಿಗೆ ಬೇಕಾದ ಕ್ರಮ ಅದಲ್ಲ. ಉತ್ತರ ಏನು ಬಂತು ಅನ್ನುವುದು ಅವರಿಗೆ ಮೊದಲು ಬೇಕು. ಕಾಪಿಯಲ್ಲಿ ಸೆಲ್‌ಗಳನ್ನು (ಕೋಡ್ ಅಥವಾ ಬರಹದ ತುಂಡುಗಳನ್ನು) ಧೈರ್ಯವಾಗಿ ಮೇಲೆ ಕೆಳಗೆ ಮಾಡಿ. ಲೈಬ್ರರಿ ಇಂಪೋರ್ಟ್ ಮಾಡುವ, ಡೇಟಾ ಓದುವ, ಮುಂದಿನದಕ್ಕೆ ಬೇಕಾದ ಲೆಕ್ಕ ಮಾಡುವ ಸೆಲ್‌ಗಳು ಮಾತ್ರ ಮೇಲೇ ಇರಲಿ, ಇಲ್ಲದಿದ್ದರೆ ಮುಂದಿನದು ಓಡುವುದಿಲ್ಲ.

ಆಮೇಲೆ ಪ್ರತಿ ಸೆಲ್‌ಗೂ ಸ್ಲೈಡ್ ಟೈಪ್ ಕೊಡಬೇಕು. ಜುಪಿಟರ್‌ಲ್ಯಾಬ್‌ನಲ್ಲಿ (ನೋಟ್‌ಬುಕ್ ತೆರೆಯುವ ಹೊಸ ರೂಪ) ಬಲಬದಿಯ ಗೇರ್ ಚಿತ್ರ ಒತ್ತಿದರೆ ಈ ಆಯ್ಕೆ ಕಾಣುತ್ತದೆ. 'ಸ್ಲೈಡ್' ಅಂದರೆ ಹೊಸ ಪುಟ. 'ಸಬ್‌ಸ್ಲೈಡ್' ಅದರ ಕೆಳಗಿನದು. 'ಫ್ರಾಗ್ಮೆಂಟ್' ಅಂದರೆ ಅದೇ ಪುಟದಲ್ಲಿ ಮುಂದಿನ ಒತ್ತಿಗೆ ಬರುವುದು. 'ನೋಟ್ಸ್' ನಿಮಗೆ ಮಾತ್ರ, ಎಸ್ ಕೀ ಒತ್ತಿದರೆ ಬೇರೆ ಕಿಟಕಿಯಲ್ಲಿ ಬರುತ್ತದೆ. 'ಸ್ಕಿಪ್' ಕೊಟ್ಟ ಸೆಲ್ ಕಾಣುವುದೇ ಇಲ್ಲ. ನನ್ನ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಸೆಲ್‌ಗಳು ಸ್ಕಿಪ್ ಆಗಬೇಕು.

ಎಲ್ಲರೂ ಎಡವುವುದು ಇಲ್ಲಿ: ಏನೂ ಕೊಡದೆ ಬಿಟ್ಟ ಸೆಲ್ ಮಾಯವಾಗುವುದಿಲ್ಲ, ಹಿಂದಿನ ಸ್ಲೈಡಿಗೇ ಹೋಗಿ ಅಂಟಿಕೊಳ್ಳುತ್ತದೆ. ಮೇಲಿನದಕ್ಕೆ ಸ್ಕಿಪ್ ಕೊಟ್ಟೆ, ಕೆಳಗಿನದಕ್ಕೂ ಅದೇ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ.

ಇನ್ನೊಂದು ಮಾತು. ಎನ್‌ಬಿಕನ್ವರ್ಟ್ ತಾನಾಗಿ ಕೋಡ್ ಓಡಿಸುವುದಿಲ್ಲ, ಫೈಲಿನಲ್ಲಿ ಸೇವ್ ಆಗಿರುವ ಔಟ್‌ಪುಟ್ಟನ್ನೇ ತೋರಿಸುತ್ತದೆ. ಡೇಟಾ ಬದಲಾಗಿದ್ದರೆ ಕರ್ನಲ್ (ಹಿಂದೆ ನಿಂತು ಕೋಡ್ ಓಡಿಸುವ ಭಾಗ) ರೀಸ್ಟಾರ್ಟ್ ಮಾಡಿ, ಎಲ್ಲ ಸೆಲ್ ಓಡಿಸಿ, ಸೇವ್ ಮಾಡಿ. ಅಥವಾ ಕಮಾಂಡಿಗೇ 'ಎಕ್ಸಿಕ್ಯೂಟ್' ಸೇರಿಸಿ. ಸ್ಕ್ರೀನ್‌ಶಾಟ್ ಗೋಳು ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಮಾಡಿ ನೋಡಿದೆ ಮೇಡಂ, ಬಂತು! ಆದರೆ ಸ್ಲೈಡ್ ತುಂಬ ಕೋಡೇ ಇದೆ, ಗ್ರಾಫ್ ಕೆಳಗೆ ಕಟ್ ಆಗುತ್ತಿದೆ. ಗ್ರಾಫಿನ ಮೇಲೆ 'ಮ್ಯಾಟ್‌ಪ್ಲಾಟ್‌ಲಿಬ್ ಲೆಜೆಂಡ್' ಅಂತ ಏನೋ ಅರ್ಥವಾಗದ ಸಾಲು ಬೇರೆ.

ಉತ್ತರ: ಆ ಸಾಲು ಸೆಲ್‌ನ ಕೊನೆಯ ಕಮಾಂಡ್ ವಾಪಸ್ ಕೊಟ್ಟ ಮೌಲ್ಯ. ಆ ಸಾಲಿನ ಕೊನೆಗೆ ಒಂದು ಸೆಮಿಕೋಲನ್ ಹಾಕಿ, ಹೋಗುತ್ತದೆ.

ಕೋಡ್ ಪೂರ್ತಿ ಬೇಡ ಅಂದರೆ ಕಮಾಂಡಿಗೆ 'ನೋ ಇನ್‌ಪುಟ್' ಸೇರಿಸಿ. ಕೆಲವು ಕಡೆ ಮಾತ್ರ ಮರೆಮಾಡಬೇಕಾದರೆ ಆ ಸೆಲ್‌ಗಳಿಗೆ ಒಂದು ಟ್ಯಾಗ್ ಕೊಟ್ಟು, ಟ್ಯಾಗ್ ಇರುವ ಕಡೆ ಇನ್‌ಪುಟ್ ತೆಗೆ ಅಂತ ಎನ್‌ಬಿಕನ್ವರ್ಟ್‌ಗೆ ಹೇಳಬಹುದು.

ಕಟ್ ಆಗುವುದಕ್ಕೆ ಸ್ಕ್ರೋಲ್ ಆನ್ ಮಾಡುವ ಸೆಟ್ಟಿಂಗ್ ಇದೆ. ನಾನು ಬಳಸುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ಸ್ಲೈಡ್ ಸ್ಕ್ರೋಲ್ ಮಾಡುವವರನ್ನು ಕಂಡರೆ ನನಗೇ ಸುಸ್ತಾಗುತ್ತದೆ. ಟೇಬಲ್ ಆದರೆ ಐದು ಸಾಲು, ಬೇಕಾದ ಮೂರ್ನಾಲ್ಕು ಕಾಲಂ ಸಾಕು. ಗ್ರಾಫ್ ಆದರೆ ಅಳತೆ ನೀವೇ ಕೊಡಿ. ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿ ಸುಮ್ನೆ ಬಿಟ್ಟರೆ 6.4 ಇಂಚು ಅಗಲ, 4.8 ಇಂಚು ಎತ್ತರ, 10 ಪಾಯಿಂಟಿನ ಅಕ್ಷರ ಹಾಕುತ್ತದೆ. ಹಿಂದಿನ ಸಾಲಿನವರಿಗೆ ಅದು ಕಾಣುವುದಿಲ್ಲ. ಅಕ್ಷರ 16ಕ್ಕೆ ಏರಿಸಿ, ಎತ್ತರ ಸ್ವಲ್ಪ ಕಡಿಮೆ ಮಾಡಿ.

ಪ್ರಶ್ನೆ (ಇನ್ನೊಬ್ಬರು): ನಡುವೆ ಸೇರಿಕೊಳ್ಳುತ್ತಿದ್ದೇನೆ, ಕ್ಷಮಿಸಿ. ಸ್ಲೈಡ್ ತೋರಿಸುತ್ತಲೇ ಕೋಡ್ ಓಡಿಸಬಹುದಾ? ನಾನು ಪೈಥಾನ್ ಪಾಠ ಮಾಡುತ್ತೇನೆ.

ಉತ್ತರ: ಎನ್‌ಬಿಕನ್ವರ್ಟ್ ಕೊಡುವ ಫೈಲಿನಲ್ಲಿ ಆಗುವುದಿಲ್ಲ ಸರ್, ಅದು ಬರೀ ನೋಡುವುದಕ್ಕೆ. ನಿಮಗೆ ಬೇಕಿರುವುದು ರೈಸ್, ನೋಟ್‌ಬುಕ್ ಒಳಗೇ ಸ್ಲೈಡ್ ತೋರಿಸುವ ಎಕ್ಸ್‌ಟೆನ್ಶನ್. ಹಳೆಯ ಕ್ಲಾಸಿಕ್ ನೋಟ್‌ಬುಕ್‌ಗೆ ಅದು, ಲ್ಯಾಬ್‌ಗೆ 'ಜುಪಿಟರ್‌ಲ್ಯಾಬ್ ರೈಸ್' ಅಂತ ಬೇರೆ ಇದೆ. ಸ್ಲೈಡ್ ಟೈಪ್‌ಗಳು ಅವೇ, ಮತ್ತೆ ಗುರುತು ಹಾಕಬೇಕಾಗಿಲ್ಲ. ಪಾಠಕ್ಕೆ ಚೆನ್ನ. ಮ್ಯಾನೇಜರ್ ಎದುರು ಕರ್ನಲ್ ಕೈಕೊಡುವ ಅಪಾಯ ಯಾಕೆ, ಅಲ್ವಾ?

ಪ್ರಶ್ನೆ: ಕೊನೆಯದು ಮೇಡಂ. ಮೀಟಿಂಗ್ ಆದಮೇಲೆ ಪವರ್‌ಪಾಯಿಂಟ್ ಫೈಲೇ ಕಳಿಸಿ ಅಂತಾರೆ. ಮತ್ತೆ ಅಲ್ಲಿ ನೆಟ್ ಇರುತ್ತದೋ ಇಲ್ಲವೋ.

ಉತ್ತರ: ಪವರ್‌ಪಾಯಿಂಟ್ ಬೇಕಾದರೆ ಕ್ವಾರ್ಟೊ ಅನ್ನುವ ಇನ್ನೊಂದು ಪರಿವರ್ತಕ ಇನ್‌ಸ್ಟಾಲ್ ಮಾಡಿ. ಅದೇ ನೋಟ್‌ಬುಕ್ ಕೊಟ್ಟರೆ ರಿವೀಲ್ ಸ್ಲೈಡೂ ಮಾಡುತ್ತದೆ, ಪವರ್‌ಪಾಯಿಂಟೂ ಮಾಡುತ್ತದೆ. ಆದರೆ ಅಲ್ಲಿ ತಲೆಬರಹವೂ ಲೆಕ್ಕಕ್ಕೆ ಬರುತ್ತದೆ: ಎರಡು ಹ್ಯಾಶ್ ಹಾಕಿದ ಕಡೆ ಸಾಮಾನ್ಯವಾಗಿ ಹೊಸ ಸ್ಲೈಡ್ ಶುರು.

ನೆಟ್ ವಿಷಯ ಕೇಳಿದ್ದು ಒಳ್ಳೆಯದಾಯಿತು. ಎನ್‌ಬಿಕನ್ವರ್ಟ್ ಫೈಲ್ ರಿವೀಲ್ ಜೆಎಸ್ ಅನ್ನು ಇಂಟರ್‌ನೆಟ್‌ನಿಂದಲೇ ತರುತ್ತದೆ. ನೆಟ್ ಇಲ್ಲದಿದ್ದರೆ ಸ್ಲೈಡ್ ಬದಲು ಉದ್ದದ ಒಂದೇ ಪುಟ ಕಾಣಬಹುದು. ರಿವೀಲ್ ಜೆಎಸ್ ಡೌನ್‌ಲೋಡ್ ಮಾಡಿ, 'ರಿವೀಲ್ ಪ್ರಿಫಿಕ್ಸ್' ಆಯ್ಕೆಯಲ್ಲಿ ಆ ಫೋಲ್ಡರ್ ತೋರಿಸಬಹುದು. ಇದಕ್ಕಿಂತ ಸುಲಭ ಪಿಡಿಎಫ್: ಕ್ರೋಮ್‌ನಲ್ಲಿ ಸ್ಲೈಡ್ ತೆರೆದು, ವಿಳಾಸದಲ್ಲಿ ಎಚ್‌ಟಿಎಂಎಲ್ ಅಂತ ಮುಗಿದ ತಕ್ಷಣ ಪ್ರಶ್ನೆ ಚಿಹ್ನೆ, 'ಪ್ರಿಂಟ್', ಸಣ್ಣ ಗೆರೆ (ಹೈಫನ್), 'ಪಿಡಿಎಫ್' ಸೇರಿಸಿ ಎಂಟರ್ ಒತ್ತಿ. ಆಮೇಲೆ ಪ್ರಿಂಟ್ ಕೊಟ್ಟು ಸೇವ್ ಮಾಡಿ. ಇದನ್ನು ಮನೆಯಲ್ಲೇ, ನೆಟ್ ಇರುವಾಗಲೇ ಮುಗಿಸಿಕೊಳ್ಳಿ.