ತೋಟದ ಮನೆಯಿಂದ ಜೂಮ್ ತರಬೇತಿ: ಮಳೆಗಾಲದಲ್ಲಿ ಪೂರ್ತಿ ಕೇಳುವುದು ಹೇಗೆ?

ನಾಪೋಕ್ಲು ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ನಾಪೋಕ್ಲು ಕಡೆ ಕಾಫಿ, ಮೆಣಸಿನ ತೋಟ. ಮಳೆ ಹಿಡಿದ ಮೇಲೆ ಕಾಫಿಯ ಕೊಳೆರೋಗ, ಮೆಣಸಿನ ಸೊರಗು ರೋಗದ ಬಗ್ಗೆ ಆನ್‌ಲೈನ್ ತರಬೇತಿಗಳು ಒಂದರ ಹಿಂದೆ ಒಂದು ಬರುತ್ತಿವೆ. ನಮಗೆ ಇದು ತುಂಬಾ ಅನುಕೂಲ. ಮೂರ್ನಾಡು ರಸ್ತೆ ಮೇಲೆ ಹೊಳೆ ನೀರು ಬಂದರೆ ಮಡಿಕೇರಿಗೆ ಹೋಗುವುದೇ ಕಷ್ಟ, ಹಾಗಿರುವಾಗ ಮನೆಯಲ್ಲೇ ಕೂತು ವಿಜ್ಞಾನಿಗಳ ಮಾತು ಕೇಳಬಹುದು ಅಂದರೆ ಯಾರು ಬೇಡ ಅನ್ನುತ್ತಾರೆ?

ಆದರೆ ಒಂದನ್ನೂ ಪೂರ್ತಿ ಕೇಳಲು ಆಗುತ್ತಿಲ್ಲ. ಕಳೆದ ಸಲ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ಹೇಳುವ ಹೊತ್ತಿಗೇ ದನಿ ಹೋಯಿತು, ತಿರುಗಿ ಬರುವಾಗ ಬೇರೆ ವಿಷಯ ನಡೆಯುತ್ತಿತ್ತು. ಕೆಲವು ಸಲ ಚಿತ್ರ ಚೆನ್ನಾಗಿ ಬರುತ್ತದೆ, ದನಿಯೇ ಇಲ್ಲ. ಅಣ್ಣನಿಗೆ ನನ್ನ ಲಿಂಕ್ ಕಳಿಸಿದರೆ ಅವರು ಒಳಗೆ ಬಂದ ಕೂಡಲೇ ನಾನು ಹೊರಗೆ. ಪ್ರಶ್ನೆ ಕೇಳೋಣ ಅಂದರೆ ಮೈಕ್ ಬಟನ್ ಕಾಣುವುದಿಲ್ಲ. ಮನೆಗೆ ಫೈಬರ್ ಇದೆ, ಕರೆಂಟು ಹೋದರೆ ಅದೂ ಇಲ್ಲ. ಆಮೇಲೆ ಮೊಬೈಲ್ ಡೇಟಾವೇ ಗತಿ, ದಿನಕ್ಕೆ 1.5 ಜಿಬಿ ಪ್ಯಾಕ್. ನಿಮ್ಮಲ್ಲಿ ಹೇಗೆ ಮಾಡುತ್ತೀರಿ? ದಯವಿಟ್ಟು ಬಿಡಿಸಿ ಹೇಳಿ.

ಮಡಿಕೇರಿ ಮನೆಯಿಂದ ಕೆಲಸ

ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ದಿನವೂ ಮೀಟಿಂಗ್ ಇರುತ್ತದೆ, ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಯಲ್ಲೂ ಬಿಡುವ ಹಾಗಿಲ್ಲ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ತರಬೇತಿಗೆ ನಿಮಗೆ ಬೇಕಾದ್ದು ದನಿ ಮತ್ತು ಸ್ಲೈಡ್, ಭಾಷಣ ಮಾಡುವವರ ಮುಖ ಅಲ್ಲ. ಜೂಮ್‌ನಲ್ಲಿ ದನಿಗೆ ಬೇಕಾಗುವುದು ಸುಮಾರು 60ರಿಂದ 80 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಅನ್ನುವ ವೇಗದ ಲೆಕ್ಕ). ಸ್ಲೈಡ್ ತೋರಿಸುವುದಕ್ಕೆ ಇನ್ನೊಂದು 50ರಿಂದ 75. ಎರಡೂ ಸೇರಿ ಗಂಟೆಗೆ 70 ಎಂಬಿ ಆಸುಪಾಸು. ಇದು ತುಂಬಾ ಕಡಿಮೆ, ಒಂದು ಕಡ್ಡಿ ಸಿಗ್ನಲ್‌ನಲ್ಲೂ ಎಷ್ಟೋ ಸಲ ನಡೆಯುತ್ತದೆ. ಡೇಟಾ ತಿನ್ನುವುದು ವಿಡಿಯೋ. ಹಾಗಾಗಿ ನಿಮ್ಮ ಕ್ಯಾಮೆರಾ ಆಫ್ ಮಾಡಿ. ಮೀಟಿಂಗ್ ಆಗಿದ್ದರೆ ಬೇರೆಯವರ ವಿಡಿಯೋ ಬರದಂತೆ ನಿಲ್ಲಿಸುವ ಆಯ್ಕೆಯೂ ಇದೆ, 'ಮೋರ್' ಒತ್ತಿದರೆ 'ಸ್ಟಾಪ್ ಇನ್‌ಕಮಿಂಗ್ ವಿಡಿಯೋ' ಅಂತ ಸಿಗುತ್ತದೆ.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ದಿನದ 1.5 ಜಿಬಿ ಮುಗಿದ ಮೇಲೆ ಇಂಟರ್ನೆಟ್ ಪೂರ್ತಿ ನಿಲ್ಲುವುದಿಲ್ಲ, ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ವಾಟ್ಸಾಪ್ ಮೆಸೇಜ್ ಹೋಗುತ್ತಿರುತ್ತದೆ, ಆದ್ದರಿಂದ ನೆಟ್ ಇದೆ ಅಂತಲೇ ಅನಿಸುತ್ತದೆ. ಆದರೆ ದನಿಗೂ ಅಷ್ಟು ಸಾಲದು, ತುಂಡು ತುಂಡಾಗಿ ಬರುತ್ತದೆ. ಬೆಳಿಗ್ಗೆ ಗ್ರೂಪ್‌ಗಳಲ್ಲಿ ಬರುವ ವಿಡಿಯೋಗಳು ತಾನಾಗಿಯೇ ಡೌನ್‌ಲೋಡ್ ಆಗಿ, ಹಿಂದಿನಿಂದ ಆಪ್‌ಗಳು ಅಪ್‌ಡೇಟ್ ಆಗಿ, ಮಧ್ಯಾಹ್ನದ ಹೊತ್ತಿಗೆ ಪ್ಯಾಕ್ ಖಾಲಿಯಾಗಿರುತ್ತದೆ. ತರಬೇತಿ ಇರುವ ದಿನ ಎರಡನ್ನೂ ಆಫ್ ಇಡಿ.

5ಜಿ ಫೋನ್ ಆಗಿದ್ದರೆ ಮತ್ತು ಸಿಗ್ನಲ್ 5ಜಿ, 4ಜಿ ಅಂತ ಅತ್ತಿತ್ತ ಓಡಾಡುತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ 4ಜಿಗೇ ನಿಲ್ಲಿಸಿ. ಪ್ರತಿ ಸಲ ಬದಲಾಗುವಾಗ ಒಂದೆರಡು ಸೆಕೆಂಡ್ ದನಿ ಹೋಗಬಹುದು. ನಮ್ಮ ಗುಡ್ಡ, ಮರಗಳ ನಡುವೆ ಸ್ಥಿರವಾದ 4ಜಿಯೇ ಮೇಲು. ಕಿಟಕಿ ಹತ್ತಿರ, ಸಾಧ್ಯವಾದರೆ ಟವರ್ ಇರುವ ದಿಕ್ಕಿನ ಕೋಣೆಯಲ್ಲಿ ಕೂರಿ.

ವಿರಾಜಪೇಟೆ ಇನ್ವರ್ಟರ್

ಫೈಬರ್ ವಿಷಯ ನಾನು ಹೇಳುತ್ತೇನೆ. ಕರೆಂಟು ಹೋದ ಕೂಡಲೇ ಫೈಬರ್ ಸತ್ತಿತು ಅಂತ ತಿಳಿಯಬೇಡಿ. ಎಷ್ಟೋ ಸಲ ಸತ್ತಿರುವುದು ನಿಮ್ಮ ಮನೆಯ ಪೆಟ್ಟಿಗೆ (ರೂಟರ್) ಮಾತ್ರ. ಅದಕ್ಕೆ ಬೇಕಾಗುವುದು ಹೆಚ್ಚಿನ ಕಡೆ 12 ವೋಲ್ಟ್, ಅಡಾಪ್ಟರ್ ಮೇಲೆ ಬರೆದಿರುತ್ತದೆ ನೋಡಿ. ರೂಟರ್‌ಗೇ ಅಂತ ಚಿಕ್ಕ ಯುಪಿಎಸ್ ಸಿಗುತ್ತದೆ, ದೊಡ್ಡ ಇನ್ವರ್ಟರ್ ಬೇಕಿಲ್ಲ. ವೋಲ್ಟ್ ಸರಿಯಾಗಿ ಹೊಂದಬೇಕು. ಯುಪಿಎಸ್ ಕೊಡುವ ಆಂಪ್ಸ್ ಅಡಾಪ್ಟರ್‌ನಲ್ಲಿ ಇರುವಷ್ಟಾದರೂ ಇರಬೇಕು, ಜಾಸ್ತಿ ಇದ್ದರೆ ತೊಂದರೆ ಇಲ್ಲ. ಫೈಬರ್ ಪೆಟ್ಟಿಗೆ, ವೈಫೈ ಪೆಟ್ಟಿಗೆ ಬೇರೆ ಬೇರೆ ಇದ್ದರೆ ಎರಡಕ್ಕೂ ಕರೆಂಟು ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ವೈಫೈ ಕಾಣುತ್ತದೆ, ನೆಟ್ ಇರುವುದಿಲ್ಲ.

ಇಷ್ಟೆಲ್ಲಾ ಮಾಡಿಯೂ ನೆಟ್ ಇಲ್ಲದಿದ್ದರೆ ಪೆಟ್ಟಿಗೆಯ ಮೇಲಿನ ದೀಪ ನೋಡಿ. 'ಎಲ್ಒಎಸ್' ಅಂತ ಬರೆದ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಹೊರಗಿಂದ ಬೆಳಕು ಬರುತ್ತಿಲ್ಲ ಅಂತ ಅರ್ಥ. ಮರ ಬಿದ್ದು ಕೇಬಲ್ ತುಂಡಾಗಿರುತ್ತದೆ, ಇಲ್ಲವೇ ಹಿಂದಿನ ತೆಳು ವೈರು ಬಗ್ಗಿರುತ್ತದೆ. ಆಗ ಸುಮ್ನೆ ಆಫ್ ಆನ್ ಮಾಡುತ್ತಾ ಕೂರಬೇಡಿ, ಸರಿ ಹೋಗುವುದಿಲ್ಲ. ದೂರು ಕೊಟ್ಟು ತಕ್ಷಣ ಮೊಬೈಲ್ ಡೇಟಾಗೆ ಹೋಗಿ. ಕೆಂಪು ದೀಪ ಇಲ್ಲ, ನೆಟ್ ಮಾತ್ರ ಇಲ್ಲ ಅಂದರೆ ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡಬಹುದು.

ದೊಡ್ಡ ಗಾಳಿ ಬಂದು ಕರೆಂಟು ತುಂಬಾ ಹೊತ್ತು ಹೋದರೆ ಟವರ್‌ನ ಬ್ಯಾಟರಿಯೂ ಇಳಿಯುತ್ತದೆ. ಅದಕ್ಕೇ ಎರಡನೇ ಸಿಮ್ ಬೇರೆ ಕಂಪನಿಯದು ಇರಲಿ ಅನ್ನುವುದು. ಮತ್ತೆ ಏಪ್ರಿಲ್, ಮೇ ಗುಡುಗು ಮಿಂಚಿನಲ್ಲಿ ಅಡಾಪ್ಟರ್ ಪ್ಲಗ್ಗಿನಿಂದ ತೆಗೆದುಬಿಡಿ. ಫೈಬರ್‌ನ ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ಕರೆಂಟ್ ಲೈನಿನಲ್ಲಿ ಬರುತ್ತದೆ.

ಸೋಮವಾರಪೇಟೆ ಶಿಕ್ಷಕಿ

ನಮಗೆ ಇಲಾಖೆಯ ತರಬೇತಿಗಳು ಆನ್‌ಲೈನ್‌ನಲ್ಲಿ ತುಂಬಾ ಇರುತ್ತವೆ. ಹಾಗಾಗಿ ಫೋನಿನ ತೊಂದರೆಗಳನ್ನು ನೋಡಿ ನೋಡಿ ಗೊತ್ತಾಗಿದೆ.

ಚಿತ್ರ ಬಂದು ದನಿ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ನೆಟ್‌ವರ್ಕ್ ತೊಂದರೆ ಅಲ್ಲ. ಒಳಗೆ ಹೋದಾಗ ಜೂಮ್ 'ವೈಫೈ ಆರ್ ಸೆಲ್ಯುಲರ್ ಡೇಟಾ' ಅಂತ ಕೇಳುತ್ತದೆ, ಅದನ್ನು ಒತ್ತದೆ ಮುಚ್ಚಿಬಿಟ್ಟರೆ ದನಿ ಸೇರುವುದೇ ಇಲ್ಲ. ಕೆಳಗೆ ಮೂಲೆಯಲ್ಲಿ 'ಜಾಯಿನ್ ಆಡಿಯೋ' ಅಂತ ಇದ್ದರೆ ಒತ್ತಿ. ಅದು ಸರಿ ಇದ್ದರೆ ಬ್ಲೂಟೂತ್ ನೋಡಿ. ಅಂಗಳದಲ್ಲಿ ನಿಂತ ಕಾರಿಗೋ, ಒಳಗಿನ ಕೋಣೆಯ ಇಯರ್‌ಫೋನಿಗೋ ಫೋನ್ ಕೂಡಿಕೊಂಡಿದ್ದರೆ ದನಿ ಅಲ್ಲಿ ಹೋಗುತ್ತಿರುತ್ತದೆ. ಫೋನ್ ಕರೆ ಬಂದರೂ ದನಿ ನಿಲ್ಲುತ್ತದೆ. ಎರಡು ಸಿಮ್ ಇದ್ದು, ಡೇಟಾ ಇಲ್ಲದ ಸಿಮ್‌ಗೆ ಕರೆ ಬಂದು ಮಾತಾಡಿದರೆ ಹಲವು ಫೋನುಗಳಲ್ಲಿ ಇನ್ನೊಂದರ ಡೇಟಾ ಅಷ್ಟು ಹೊತ್ತು ನಿಂತುಬಿಡುತ್ತದೆ. ತರಬೇತಿಯ ಆ ಒಂದು ಗಂಟೆ ಡೇಟಾ ಇಲ್ಲದ ಸಿಮ್ ಆಫ್ ಇಡುವುದು ಒಳ್ಳೆಯದು.

ನಿಮ್ಮ ಲಿಂಕ್ ವಿಷಯ. ಹೆಸರು ನೋಂದಾಯಿಸಿದ ಮೇಲೆ ಬರುವ ಲಿಂಕ್ ನಿಮ್ಮೊಬ್ಬರದೇ. ಅಣ್ಣ ಅದರಲ್ಲೇ ಬಂದರೆ ನೀವು ಹೊರಗೆ ಬೀಳುತ್ತೀರಿ. ಅವರು ಬೇರೆ ಇಮೇಲ್ ಹಾಕಿ ಬೇರೆ ನೋಂದಣಿ ಮಾಡಲಿ. ಹೆಸರನ್ನು ಸರಿಯಾಗಿ ಬರೆಯಿರಿ, ಪ್ರಮಾಣಪತ್ರದಲ್ಲಿ ಅದೇ ಬರುತ್ತದೆ. ಮೈಕ್ ಬಟನ್ ಇಲ್ಲದಿರುವುದು ನಿಮ್ಮ ಫೋನಿನ ದೋಷ ಅಲ್ಲವೇ ಅಲ್ಲ. ವೆಬಿನಾರ್ ಅಂದರೆ ಹಾಗೇ, ನಡೆಸುವವರು ಅವಕಾಶ ಕೊಟ್ಟರೆ ಮಾತ್ರ ನಾವು ಮಾತಾಡಬಹುದು. 'ರೈಸ್ ಹ್ಯಾಂಡ್' ಒತ್ತಿ ಕಾಯಬೇಕು, ಇಲ್ಲವೇ 'ಕ್ಯೂ ಅಂಡ್ ಎ' ಅನ್ನುವ ಪ್ರಶ್ನೋತ್ತರದ ಜಾಗದಲ್ಲಿ ಬರೆಯಬೇಕು. ನಾನು ಬರೆಯುವುದನ್ನೇ ಹೇಳುತ್ತೇನೆ, ಅದೂ ಮೊದಲ ಹತ್ತು ನಿಮಿಷದಲ್ಲೇ. ಆಮೇಲೆ ನಿಮ್ಮ ನೆಟ್ ಹೋದರೂ ಪ್ರಶ್ನೆ ಅಲ್ಲಿ ಉಳಿದಿರುತ್ತದೆ, ಯಾರಾದರೂ ಉತ್ತರ ಕೊಡುತ್ತಾರೆ.

ಹಿಂದಿನ ದಿನವೇ ಆಪ್ ಅಪ್‌ಡೇಟ್ ಮಾಡಿಡಿ. ಹಳೆಯ ಆವೃತ್ತಿ ಇದ್ದರೆ ಒಳಗೇ ಬಿಡದೆ ಅಪ್‌ಡೇಟ್ ಕೇಳುವುದುಂಟು, ಸರಿಯಾಗಿ ಶುರುವಾಗುವ ಹೊತ್ತಿಗೆ ಅದು ಬೇಡ ಅಲ್ವಾ.

ನಾಪೋಕ್ಲು ಬೆಳೆಗಾರ

ತುಂಬಾ ಉಪಕಾರ. ಕೆಂಪು ದೀಪದ ಅರ್ಥ ಇವತ್ತು ಗೊತ್ತಾಯಿತು. ಇನ್ನೊಂದು ಕೇಳಲಾ? ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದೆ, ದೊಡ್ಡ ಪರದೆಯಲ್ಲಿ ಎಲೆಯ ರೋಗದ ಫೋಟೋ ಚೆನ್ನಾಗಿ ಕಾಣುತ್ತದೆ ಅಂತ ಅದನ್ನು ತೆರೆದರೆ ಯಾವ ಲಿಂಕ್ ಒತ್ತಿದರೂ ಸುರಕ್ಷಿತವಲ್ಲ ಅಂತ ಬರುತ್ತದೆ. ವೈರಸ್ ಇರಬಹುದಾ? ಮತ್ತೆ ಅಪ್ಪ ಪಕ್ಕದಲ್ಲೇ ಫೋನಿನಲ್ಲಿ ಕೇಳುತ್ತಾರೆ, ಆಗ ಕೀರಲು ದನಿ ಬರುತ್ತದೆ.

ಮಡಿಕೇರಿ ಮನೆಯಿಂದ ಕೆಲಸ

ವೈರಸ್‌ಗಿಂತ ಮೊದಲು ತಾರೀಕು ನೋಡಿ. ತುಂಬಾ ದಿನ ಮುಚ್ಚಿಟ್ಟ ಲ್ಯಾಪ್‌ಟಾಪ್‌ನಲ್ಲಿ ಒಳಗಿನ ಚಿಕ್ಕ ಬ್ಯಾಟರಿ ಸತ್ತು ತಾರೀಕು ಹಿಂದಕ್ಕೆ ಹೋಗಿರುತ್ತದೆ. ವೆಬ್‌ಸೈಟ್‌ಗಳ ಭದ್ರತಾ ಪತ್ರಕ್ಕೆ ಅವಧಿ ಇರುವುದರಿಂದ ತಾರೀಕು ತಪ್ಪಿದ್ದರೆ ಎಲ್ಲದಕ್ಕೂ ಎಚ್ಚರಿಕೆ ತೋರಿಸುತ್ತದೆ. ಸರಿ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ. ತಾರೀಕು ಸರಿ ಇದ್ದೂ ಬಂದರೆ ಮಾತ್ರ ಮುಂದಕ್ಕೆ ಹೋಗಬೇಡಿ, ಯಾರಿಗಾದರೂ ತೋರಿಸಿ.

ಕೀರಲು ದನಿ ಬರುವುದು ಒಂದರ ಸ್ಪೀಕರ್ ಇನ್ನೊಂದರ ಮೈಕ್‌ಗೆ ಕೇಳಿಸಿದಾಗ. ಒಂದೇ ಕೋಣೆಯಲ್ಲಿ ಒಂದಕ್ಕೆ ಮಾತ್ರ ದನಿ ಇರಲಿ. ಅಪ್ಪನೂ ಅದರಲ್ಲೇ ಕೇಳಬಹುದು, ಡೇಟಾವೂ ಉಳಿಯುತ್ತದೆ.

ಸುಂಟಿಕೊಪ್ಪ ಮೆಣಸು

ನಿಮಗೆ ತಪ್ಪಿಹೋದ ಅಳತೆ: ಶೇಕಡಾ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಒಳ್ಳೆಯ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್‌ನಲ್ಲಿ 50 ಲೀಟರಿಗೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹಾಕಿ. ಕಬ್ಬಿಣದ ಚೂರಿ ಒಂದು ನಿಮಿಷ ಅದ್ದಿ ನೋಡಿ, ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಅದೇ ದಿನ ಹೊಡೆದು ಮುಗಿಸಬೇಕು.

ತರಬೇತಿ ನಡೆಸುವವರಿಗೂ ಒಂದು ಮಾತು ಬರೆಯಿರಿ. ನಮ್ಮ ಜಿಲ್ಲೆಯಲ್ಲಿ ಜುಲೈ, ಆಗಸ್ಟ್‌ನಲ್ಲಿ ನೆಟ್ ಹೋಗುವುದು ಕೇಳುವವರ ತಪ್ಪಲ್ಲ. ಅಳತೆ, ಪ್ರಮಾಣಗಳನ್ನು ಬಾಯಲ್ಲಿ ಹೇಳಿ ಬಿಡದೆ ಒಂದು ಪುಟದಲ್ಲಿ ಬರೆದು ವಾಟ್ಸಾಪ್‌ಗೆ ಹಾಕಿದರೆ ಎಷ್ಟು ಜನರಿಗೆ ಉಪಯೋಗ! ರೆಕಾರ್ಡಿಂಗ್ ಇದೆಯಾ ಅಂತಲೂ ಕೇಳಿ. ಲಿಂಕ್ ಕಳಿಸಿದರೆ ಪಾಸ್‌ಕೋಡ್ ಸಹ ಕೇಳಿ ತೆಗೆದುಕೊಳ್ಳಿ, ಅದಿಲ್ಲದೆ ಕೆಲವು ತೆರೆಯುವುದಿಲ್ಲ.