ಒಂದೇ ಗಿಡಕ್ಕೆ ಎರಡು ತರ ಎಲೆ? ಇದು ಕಾಡು ಲೆಟಿಸ್ಸಾ? (ಕಡೂರು)

ತೆಂಗಿನಬುಡ: ಕಡೂರು ಹತ್ತಿರ ನಮ್ಮ ತೋಟದಲ್ಲಿ ಹಳದಿ ಹೂವಿನ ಒಂದು ಗಿಡ ಇದೆ. ಮುರಿದರೆ ಬಿಳಿ ಹಾಲು ಬರುತ್ತದೆ. ನಮ್ಮನೆಯವರು ಗದಗದ ಕಡೆಯವರು. "ಇದು ಹಕ್ಕರಕಿ, ರೊಟ್ಟಿ ಜೊತೆ ಹಸೀದೇ ತಿನ್ನಬಹುದು" ಅಂತಾರೆ. ಅಮ್ಮ ಮುಟ್ಟೋಕೂ ಬಿಡುತ್ತಿಲ್ಲ. ಫೋನಿನ ಆ್ಯಪ್ ಒಂದು ಫೋಟೊಗೆ ಕಾಡು ಲೆಟಿಸ್ ಅಂತು, ಇನ್ನೊಂದಕ್ಕೆ ಬೇರೇನೋ ಹೇಳಿತು. ಬದುವಿನ ಮೇಲಿನ ಗಿಡದ ಎಲೆ ನೆಲಕ್ಕೆ ಅಂಟಿದೆ. ನೀರಿನ ತೊಟ್ಟಿ ಪಕ್ಕದ್ದು ಸೊಂಟದೆತ್ತರ. ನೀರು ಜಾಸ್ತಿಯಾಗಿ ಹೀಗಾಗಿದೆಯಾ?

ಹಾಸನದ ಸೊಪ್ಪು: ನೀರಿನಿಂದ ಎತ್ತರ ಬದಲಾಗಬಹುದು, ಸರ್. ಎಲೆಯ ಬುಡ ಬದಲಾಗುವುದಿಲ್ಲ. ತೊಟ್ಟಿ ಪಕ್ಕದ ಗಿಡದ ದಂಟು ಹಿಚುಕಿ ನೋಡಿ, ಒಳಗೆ ಪೊಳ್ಳಾ? ಎಲೆಯ ಬುಡ ಎರಡು ಕಿವಿ ಮಾಡಿಕೊಂಡು ದಂಟನ್ನು ತಬ್ಬಿದೆಯಾ? ಹಾಗಿದ್ದರೆ ಅದು ಲೆಟಿಸ್ಸಿಗಿಂತ ಅದರ ನೆಂಟ ಸೋಂಕಸ್ ಇರುವ ಸಾಧ್ಯತೆಯೇ ಹೆಚ್ಚು.

ಹಾಲು ನೋಡಿ ತೀರ್ಮಾನ ಮಾಡಬೇಡಿ. ಕಳ್ಳಿಗೂ ಹಾಲಿದೆ, ಅಲ್ವಾ? ಹೂವನ್ನು ಬೆಳಿಗ್ಗೆಯೇ ನೋಡಿ, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ. ಎಸಳು ಅಂದುಕೊಳ್ಳುವ ಒಂದೊಂದೂ ಒಂದೊಂದು ಹೂವು, ತುದಿಯಲ್ಲಿ ಐದು ಸಣ್ಣ ಹಲ್ಲು. ಆದರೆ ಇದು ಲೆಟಿಸ್, ಸೋಂಕಸ್, ಇದೇ ಗುಂಪಿನ ಇನ್ನೊಂದು ಗಿಡ ಲೌನಿಯಾ, ಮೂರಕ್ಕೂ ಒಂದೇ.

ಬೇರೆ ಮಾಡುವುದು ಬೀಜ. ಎಕ್ಕದ ಬೀಜದ ಹಾಗೆ ಹಾರುತ್ತದಲ್ಲ, ಒಂದನ್ನು ಹಿಡಿದು ಬಿಳಿ ಕಾಗದದ ಮೇಲೆ ಇಡಿ. ಲೆಟಿಸ್ ಆದರೆ ಬೀಜ ಚಪ್ಪಟೆ, ಮೇಲೆ ಸಣ್ಣ ಕತ್ತು, ಆ ಕತ್ತಿನ ತುದಿಗೆ ಎಳೆಗಳು. ಸೋಂಕಸ್ ಬೀಜವೂ ಚಪ್ಪಟೆಯೇ, ಕತ್ತು ಮಾತ್ರ ಇಲ್ಲ. ಲೌನಿಯಾದ್ದು ಗೆರೆಗೆರೆಯ ಸಣ್ಣ ಕಡ್ಡಿಯ ಹಾಗೆ, ಅದಕ್ಕೂ ಕತ್ತಿಲ್ಲ.

ತೆಂಗಿನಬುಡ: ನೋಡಿದೆ ಮೇಡಂ. ತೊಟ್ಟಿ ಹತ್ತಿರದ್ದು ಪೊಳ್ಳು, ಕಿವಿಯೂ ಇದೆ. ಬದುವಿನದರ ಬೀಜ ಕಪ್ಪಗೆ, ಚಪ್ಪಟೆ, ಕತ್ತು ಕಾಣುತ್ತದೆ. ಎಲೆಯ ಅಂಚಿನ ಹಲ್ಲು ಬುಡದ ಕಡೆಗೆ ಬಾಗಿದೆ. ನಾನು ಎರಡು ವರ್ಷ ಎರಡನ್ನೂ ಒಂದೇ ಗಿಡ ಅಂತ ಕೀಳುತ್ತಿದ್ದೆ!

ಹಾಸನದ ಸೊಪ್ಪು: ಹಾಗಾದರೆ ಬದುವಿನದು ಲ್ಯಾಕ್ಟುಕಾ, ಅಂದರೆ ಲೆಟಿಸ್ ಕುಲದ್ದು; ಅದರಲ್ಲಿ ನಮ್ಮ ನಾಡಿನದೇ ಜಾತಿ ರನ್ಸಿನೇಟಾ ಇರಬೇಕು. ಆ ಹೆಸರು ಬಂದಿದ್ದೇ ಹಿಂದಕ್ಕೆ ಬಾಗಿದ ಹಲ್ಲಿನಿಂದ. ಒಣ ಬದು, ಹೊಲದಂಚು ಅದರ ಜಾಗ. ಸಕಲೇಶಪುರದ ಮಳೆಕಾಡಿನಲ್ಲಿ ಹುಡುಕಬೇಡಿ. ಹಾಸನ ಜಿಲ್ಲೆಯ ಗಿಡಗಳ ಬಗ್ಗೆ ಸಲ್ಡಾನ, ನಿಕೋಲ್ಸನ್ ಸಂಪಾದಿಸಿದ 1976ರ ಪುಸ್ತಕ ಕಾಲೇಜು ಲೈಬ್ರರಿಯಲ್ಲಿ ಸಿಕ್ಕರೆ ಒಮ್ಮೆ ತಾಳೆ ನೋಡಿ.

ತಿನ್ನುವುದು ಸದ್ಯ ಬೇಡ. ಹಕ್ಕರಕಿ ಅನ್ನುವ ಹೆಸರು ಈ ಗುಂಪಿನ ಒಂದಕ್ಕಿಂತ ಹೆಚ್ಚು ಗಿಡಕ್ಕೆ ಓಡುತ್ತದೆ.

ತೆಂಗಿನಬುಡ: ಮನೆಯಲ್ಲಿ ಹೇಳಿದೆ. "ಹಂಗಾದ್ರ ಊರಿಂದ ಬೀಜ ತರಿಸ್ತೀನಿ" ಅಂದರು. ಅಮ್ಮ ಪಾತಿ ಬಿಟ್ಟುಕೊಡಬೇಕಷ್ಟೆ.